ಇಂಗ್ಲಿಷ್ ಕಲಿಯೋಣ: 'ಡೆಫನಿಂಗ್' ಅಂದರೇನು?



ಈ ಸಲದ ಪಾಠಕ್ಕೆ 'ಡೆಫನಿಂಗ್' ಎಂಬ ಪದವನ್ನು ಆರಿಸಿಕೊಂಡಿದ್ದೇವೆ. ನೋಡಲು ಉದ್ದ, ಆದರೆ ಮೂಲಪದ ಚಿಕ್ಕದು: 'ಡೆಫ್', ಅಂದರೆ ಕಿವುಡ ಅಥವಾ ಕಿವುಡಿ. ಮಾರ್ಕನ ಶುಭಸಂದೇಶದ 7ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಕಿವಿಗೆ ಬೆರಳಿಟ್ಟು ಗುಣಪಡಿಸಿದರಲ್ಲ, ಆ ಮನುಷ್ಯನನ್ನು ಇಂಗ್ಲಿಷ್ ಬೈಬಲಿನಲ್ಲಿ 'ಡೆಫ್' ಎಂದೇ ಕರೆದಿದೆ. ಬರೆಯುವಾಗ ಡಿ, ಇ, ಎ, ಎಫ್. ನಡುವೆ ಎರಡು ಸ್ವರ ಇದೆಯೆಂದು 'ಡೀಫ್' ಅನ್ನಬಾರದು. 'ಬ್ರೆಡ್' ಅನ್ನುವ ಹಾಗೆ ಹ್ರಸ್ವವಾಗಿ ಹೇಳಬೇಕು. 'ಡೆಫನ್' ಎಂದರೆ ಕಿವುಡು ಮಾಡು. 'ಡೆಫನಿಂಗ್' ಎಂದರೆ ಕಿವುಡು ಮಾಡುವಂಥ. ನಾವು 'ಕಿವಿಗಡಚಿಕ್ಕುವ' ಅಂತೇವಲ್ಲ, ಅದೇ.

ಹಾಗಾದರೆ 'ಲೌಡ್', 'ನಾಯ್ಸಿ' ಇವೆಲ್ಲ ಒಂದೇನಾ? ಅಲ್ಲ. 'ಲೌಡ್' ಎಂದರೆ ಬರೀ ಜೋರು, ಅದರಲ್ಲಿ ತಪ್ಪೇನಿಲ್ಲ. ಸಭೆಯಲ್ಲಿ ಲೆಕ್ಕ ಓದುವುದು ಹಿಂದೆ ಕೂತವರಿಗೆ ಕೇಳದಿದ್ದರೆ 'ಲೌಡರ್, ಪ್ಲೀಸ್' ಅನ್ನಬಹುದು. 'ನಾಯ್ಸಿ' ಎಂದರೆ ಗದ್ದಲದ: ಸಂತೆ, ಬಸ್‌ಸ್ಟ್ಯಾಂಡ್, ಗಲಾಟೆ ಮಾಡುವ ಮಕ್ಕಳು. 'ಡೆಫನಿಂಗ್' ಅನ್ನು ಮಕ್ಕಳಿಗೆ ಹೇಳೋದಿಲ್ಲ, ಸದ್ದಿಗೇ ಹೇಳೋದು. 'ದ ನಾಯ್ಸ್ ವಾಸ್ ಡೆಫನಿಂಗ್', ಸದ್ದು ಕಿವಿಗಡಚಿಕ್ಕುವಂತಿತ್ತು. ಇದರ ಮುಂದೆ 'ವೆರಿ' ಹಾಕಬೇಕಾಗಿಲ್ಲ. 'ತುಂಬಾ' ಅನ್ನೋದು ಪದದೊಳಗೇ ಇದೆ.

ಇದನ್ನು ಬರೀ ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ಸದ್ದು ನಿಜವಾಗಿಯೂ ಕಿವುಡು ಮಾಡುತ್ತದೆ. ಒಳಗಿವಿಯಲ್ಲಿ ಸೂಕ್ಷ್ಮ ರೋಮಗಳಿರುವ ಜೀವಕೋಶಗಳಿವೆ. ಜೋರು ಸದ್ದಿಗೆ ಅವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ದಿನಕ್ಕೆ 8 ಗಂಟೆಯಂತೆ ವರ್ಷಗಟ್ಟಲೆ 85 ಡೆಸಿಬಲ್‌ಗಿಂತ ಹೆಚ್ಚಿನ ಸದ್ದಿನಲ್ಲಿದ್ದರೆ ಅಪಾಯ. ಅಳೆಯಲು ಯಂತ್ರ ಇಲ್ಲದಿದ್ದರೂ ಪರವಾಗಿಲ್ಲ. ಕೈಚಾಚಿದರೆ ಸಿಗುವಷ್ಟು ಹತ್ತಿರ ಇರುವವರ ಹತ್ತಿರವೂ ಕೂಗಿ ಮಾತಾಡಬೇಕಾದರೆ ಸದ್ದು ಆ ಮಟ್ಟಕ್ಕೆ ಬಂದಿದೆ ಎಂದು ತಿಳಿಯಿರಿ. ಪವರ್‌ಲೂಮ್, ಕಲ್ಲಿನ ಕ್ರಷರ್‌ಗಳಲ್ಲಿ ದುಡಿಯುವ ಸಹೋದರಿಯರು ಇದನ್ನು ಗಮನಿಸಬೇಕು. ಹತ್ತಿ ತುರುಕಿಕೊಂಡರೆ ಸಾಲದು, ಇಯರ್‌ಪ್ಲಗ್ ಕೇಳಿ ಪಡೆಯಿರಿ. ಕೆಲಸ ಬಿಟ್ಟ ಮೇಲೂ ಕಿವಿ ಗುಂಯ್ ಅನ್ನುತ್ತಿದ್ದರೆ, ಟಿ.ವಿ. ಜೋರು ಮಾಡಿದ್ದೀರೆಂದು ಮನೆಯವರು ಬೈಯುತ್ತಿದ್ದರೆ, ಕಿವಿಯ ವೈದ್ಯರಿಗೆ ತೋರಿಸಿ. ವಯಸ್ಸಾಯಿತು ಅಂತ ಸುಮ್ಮನಾಗಬೇಡಿ.

ಊರಿನ ಮೈಕಿಗೂ ಕಾನೂನಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಉತ್ಸವಗಳಿಗೆ ವರ್ಷದಲ್ಲಿ 15 ದಿನ ಮೀರದಂತೆ, ಮಧ್ಯರಾತ್ರಿವರೆಗೆ ಮಾತ್ರ, ಸರ್ಕಾರ ವಿನಾಯಿತಿ ಕೊಡಬಹುದು. ನಮ್ಮ ಚರ್ಚಿನ ಹಬ್ಬಕ್ಕೂ ಇದೇ ನಿಯಮ!

ಕೊನೆಗೆ ಒಂದು ವಿಚಿತ್ರ ಬಳಕೆ: 'ಎ ಡೆಫನಿಂಗ್ ಸೈಲೆನ್ಸ್'. ಮೌನ ಕಿವುಡು ಮಾಡೋದು ಹೇಗೆ ಅಂತೀರಾ? ಮಾತಾಡಲೇಬೇಕಾದವರು ಬಾಯಿಬಿಡದೆ ಕೂತಾಗ ಆ ಮೌನವೇ ಎದ್ದು ಕೇಳಿಸುತ್ತದೆ. ಗ್ರಾಮಸಭೆಯಲ್ಲಿ 'ಕುಡಿಯುವ ನೀರಿನ ದುಡ್ಡು ಎಲ್ಲಿ ಹೋಯಿತು?' ಎಂದು ಒಬ್ಬಾಕೆ ಎದ್ದು ಕೇಳಿದಳು, ವೇದಿಕೆ ಮೇಲಿದ್ದವರು ಯಾರೂ ಉತ್ತರಿಸಲಿಲ್ಲ ಅನ್ನಿ. ಆಗ 'ದೇರ್ ವಾಸ್ ಎ ಡೆಫನಿಂಗ್ ಸೈಲೆನ್ಸ್' ಎನ್ನಬಹುದು. ಮಗು ಮಲಗಿದ ಮೇಲೆ ಮನೆಯಲ್ಲಿ ಇರುವ ಮೌನಕ್ಕೆ ಈ ಮಾತು ಹೊಂದುವುದಿಲ್ಲ. ಅದಕ್ಕೆ 'ಕ್ವಾಯೆಟ್' ಸಾಕು.