ಕುಂಡಕ್ಕೆ ತೆಂಗಿನ ನಾರಿನ ಪುಡಿ: ಮೊದಲು ತೊಳೆಯಿರಿ, ಆಮೇಲೆ ಉಣಿಸಿ

ತಾರಸಿಯಲ್ಲೋ ಹಿತ್ತಲಲ್ಲೋ ತರಕಾರಿ ಬೆಳೆಯುವವರಲ್ಲಿ ಕೊಕೊಪೀಟ್ ಬಗ್ಗೆ ಎರಡು ಅಭಿಪ್ರಾಯಗಳಿವೆ. ಕೆಲವರು ಅದನ್ನೇ ಗೊಬ್ಬರವೆಂದು ನಂಬಿ ಕುಂಡದ ತುಂಬ ಹಾಕುತ್ತಾರೆ. ಗಿಡ ಹಳದಿಗಟ್ಟಿದ್ದನ್ನು ಕಂಡ ಉಳಿದವರು ಅದು ಬರೀ ಹೊಟ್ಟು, ಮಣ್ಣೇ ವಾಸಿ ಎನ್ನುತ್ತಾರೆ. ಎರಡಕ್ಕೂ ಕಾರಣ ಒಂದೇ, ಈ ವಸ್ತುವಿನ ಗುಣ ತಿಳಿಯದಿರುವುದು. ತೆಂಗಿನ ಸಿಪ್ಪೆಯಿಂದ ನಾರು ಬಿಡಿಸುವಾಗ ಉದುರುವ ಈ ಪುಡಿ ಬೇರಿಗೆ ನೀರನ್ನೂ ಗಾಳಿಯನ್ನೂ ಒಟ್ಟಿಗೆ ಒದಗಿಸುತ್ತದೆ, ಆದರೆ ಗಿಡದ ಹೊಟ್ಟೆ ತುಂಬಿಸುವುದಿಲ್ಲ. ಆ ಮಿತಿ ಅರಿತು ಬಳಸಿದರೆ ಕುಂಡದ ಬೇಸಾಯಕ್ಕೆ ಬರೀ ಮಣ್ಣಿಗಿಂತ ಇದು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಕುಂಡದ ಮಣ್ಣು ಹೊಲದ ಮಣ್ಣಿನಂತೆ ವರ್ತಿಸುವುದಿಲ್ಲ. ದಿನವೂ ನೀರು ಹುಯ್ದಂತೆ ಅದು ಇಳಿದು ಗಟ್ಟಿಯಾಗುತ್ತದೆ, ಬೇರು ಉಸಿರಾಡಲು ಜಾಗವೇ ಇರುವುದಿಲ್ಲ. ನಾರಿನ ಪುಡಿ ತನ್ನ ತೂಕದ ಐದಾರು ಪಟ್ಟು ನೀರು ಹಿಡಿದೂ ಸಡಿಲವಾಗಿಯೇ ಉಳಿಯುತ್ತದೆ. ಪುಡಿಯನ್ನು ಒತ್ತಿ ಮಾಡಿದ 5 ಕೆ.ಜಿ.ಯ ಒಂದು ಒಣ ಇಟ್ಟಿಗೆ ನೀರು ಕುಡಿದು ಉಬ್ಬಿದರೆ ಸುಮಾರು 65ರಿಂದ 70 ಲೀಟರ್ ಪುಡಿಯಾಗುತ್ತದೆ. ಅಷ್ಟೇ ಗಾತ್ರದ ಹಸಿ ಮಣ್ಣಿಗೆ ಹೋಲಿಸಿದರೆ ತಾರಸಿಯ ಮೇಲೆ ಬೀಳುವ ಭಾರ ಬಹಳ ಕಡಿಮೆ. ಟೊಮೆಟೊ, ದೊಣ್ಣೆಮೆಣಸಿನಕಾಯಿ ಸಸಿ ಬೆಳೆಸುವ ನಮ್ಮ ನರ್ಸರಿಗಳು ಪ್ರೋಟ್ರೇಗೆ ಮಣ್ಣಿನ ಬದಲು ಇದನ್ನೇ ತುಂಬುವುದು ಇದಕ್ಕಾಗಿಯೇ. ಬೇರು ಹರಿಯದೆ ಸಸಿ ಪುಡಿಯ ಸಮೇತ ಇಡಿಯಾಗಿ ಎದ್ದು ಬರುತ್ತದೆ.

ಹಾಗಾದರೆ ಮನೆಯಲ್ಲಿ ಏಕೆ ಕೆಡುತ್ತದೆ? ಮೊದಲ ಕಾರಣ ಉಪ್ಪು. ಕರಾವಳಿಯ ಹಿನ್ನೀರಿನಲ್ಲಿ ನೆನೆಹಾಕಿದ ಸಿಪ್ಪೆಯಲ್ಲಿ ಸೋಡಿಯಂ ಸೇರಿರುತ್ತದೆ. ತಿಪಟೂರು, ಅರಸೀಕೆರೆ ಕಡೆಯ ಒಣಸಿಪ್ಪೆಗೆ ಸಮುದ್ರದ ಉಪ್ಪು ತಗಲುವುದಿಲ್ಲವಾದರೂ ತೆಂಗಿನ ಸಿಪ್ಪೆಯಲ್ಲೇ ಪೊಟ್ಯಾಷ್ ಮತ್ತು ಕ್ಲೋರೈಡ್ ಧಾರಾಳ. ಆದ್ದರಿಂದ ನಮ್ಮೂರಿನ ಪುಡಿಗೆ ತೊಳೆಯುವುದು ಬೇಡ ಎನ್ನುವಂತಿಲ್ಲ. ಪುಡಿಯನ್ನು ರಾತ್ರಿಯಿಡೀ ನೆನೆಸಿ, ಗೋಣಿಬಟ್ಟೆಯಲ್ಲಿ ಹಿಂಡಿ ನೋಡಿ: ಮೊದಲ ನೀರು ಕಡು ಕಷಾಯದ ಬಣ್ಣದಲ್ಲಿ ಇಳಿಯುತ್ತದೆ. ಅದು ತಿಳಿಯಾಗುವವರೆಗೆ ಮೂರ್ನಾಲ್ಕು ಸಲ ತೊಳೆಯಬೇಕು. ಪುಡಿಯ ಕಣಗಳಿಗೆ ಅಂಟಿಕೊಂಡ ಸೋಡಿಯಂ, ಪೊಟ್ಯಾಷ್ ಮಾತ್ರ ಬರೀ ನೀರಿಗೆ ಪೂರ್ತಿ ಬಿಡುವುದಿಲ್ಲ. ಅವನ್ನು ಕ್ಯಾಲ್ಸಿಯಂ ತಳ್ಳಿ ಹಾಕುತ್ತದೆ. 5 ಕೆ.ಜಿ. ಇಟ್ಟಿಗೆಗೆ 100 ಗ್ರಾಂ ಕ್ಯಾಲ್ಸಿಯಂ ನೈಟ್ರೇಟನ್ನು 25 ಲೀಟರ್ ನೀರಿನಲ್ಲಿ ಕರಗಿಸಿ ಒಂದು ದಿನ ನೆನೆಸಿಟ್ಟು, ಆಮೇಲೆ ಸಾದಾ ನೀರಿನಲ್ಲಿ ಜಾಲಾಡಿಸಿದರೆ ಸಾಕು. ಈ ಕೆಲಸ ಬಿಟ್ಟರೆ ನಾವು ಗಿಡಕ್ಕೆ ಕೊಟ್ಟ ಕ್ಯಾಲ್ಸಿಯಂ, ಮೆಗ್ನೀಷಿಯಂಗಳನ್ನು ಪುಡಿಯೇ ಹಿಡಿದುಕೊಳ್ಳುತ್ತದೆ. ಟೊಮೆಟೊ ಕಾಯಿಯ ತುದಿ ಕಪ್ಪಾಗಿ ಕುಳಿಬೀಳಲು ಇದೂ ಒಂದು ಕಾರಣ.

ಎರಡನೆಯದು ಹಸಿವು. ಹಸಿ ನಾರಿನ ಪುಡಿಯಲ್ಲಿ ಸಾರಜನಕ ಒಂದು ಪಾಲಿದ್ದರೆ ಇಂಗಾಲ ನೂರಕ್ಕೂ ಹೆಚ್ಚು ಪಾಲು. ಅದನ್ನು ಕೊಳೆಸಲು ಹೊರಟ ಸೂಕ್ಷ್ಮಜೀವಿಗಳು ಕುಂಡದ ಸಾರಜನಕವನ್ನು ತಾವೇ ಬಳಸಿಕೊಳ್ಳುತ್ತವೆ, ಎಲೆ ಹಳದಿಯಾಗುತ್ತದೆ. ಪ್ಲೂರೋಟಸ್ ಅಣಬೆಯ ಬೀಜ ಮತ್ತು ಯೂರಿಯಾ ಸೇರಿಸಿ ತಿಂಗಳುಗಟ್ಟಲೆ ಕೊಳೆಸಿದ ಪುಡಿಯಲ್ಲಿ ಈ ಅಂತರ ಬಹಳ ತಗ್ಗುತ್ತದೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹುದುಗಿಸಿದ ಕೊಕೊಪೀಟನ್ನೂ, ಮಣ್ಣಿಲ್ಲದ ಬೇಸಾಯಕ್ಕೆ ಬೇಕಾದ ಪೋಷಕ ದ್ರಾವಣವನ್ನೂ ರೂಪಿಸಿದೆ. ದ್ರಾವಣದ ಗೊಡವೆ ಬೇಡವೆನ್ನುವ ಮನೆತೋಟದವರಿಗೆ ಸುಲಭ ದಾರಿ ಎಂದರೆ ತೊಳೆದ ಪುಡಿ, ಕೆಂಪುಮಣ್ಣು, ಎರೆಗೊಬ್ಬರ ಮೂರನ್ನೂ ಸಮಪಾಲು ಬೆರೆಸುವುದು, ಜೊತೆಗೆ ಕುಂಡಕ್ಕೆ ಒಂದೊಂದು ಹಿಡಿ ಬೇವಿನ ಹಿಂಡಿ. ಮೂರು ವಾರಕ್ಕೊಮ್ಮೆ ಮೇಲುಗೊಬ್ಬರವನ್ನೂ ತಪ್ಪಿಸಬಾರದು.

ಬೇರು ಕೊಳೆಯುತ್ತದೆ ಎಂಬ ದೂರೂ ಇದೆ. ಅದು ನಿಜವೇ, ಆದರೆ ತಪ್ಪು ನೀರು ಹಾಕುವ ಕೈಯದು. ಪುಡಿಯ ಮೇಲ್ಮೈ ಬೇಗ ಒಣಗಿ ತಿಳಿಬಣ್ಣಕ್ಕೆ ತಿರುಗುವುದರಿಂದ ಕೆಳಗೂ ಒಣಗಿದೆ ಎಂದುಕೊಂಡು ಮತ್ತೆ ಹುಯ್ಯುತ್ತೇವೆ. ಬೆರಳನ್ನು ಎರಡು ಇಂಚು ಇಳಿಸಿ ನೋಡಿ. ತೇವ ತಗುಲಿದರೆ ಅಂದು ನೀರು ಬೇಡ. ಹಿಡಿ ಪುಡಿಯನ್ನು ಒತ್ತಿದಾಗ ಎರಡು ಹನಿ ಜಿನುಗಿದರೆ ಹದ ಸರಿಯಾಗಿದೆ. ಧಾರೆಯಾಗಿ ಸುರಿದರೆ ಕುಂಡದ ತೂತು ಕಟ್ಟಿದೆಯೇ ಎಂದು ಮೊದಲು ಪರೀಕ್ಷಿಸಬೇಕು.

ಇನ್ನು ಖರ್ಚಿನ ಮಾತು. ಹಿತ್ತಲಲ್ಲಿ ನೆಲವಿರುವವರು ದುಡ್ಡು ಕೊಟ್ಟು ಇಟ್ಟಿಗೆ ತರಬೇಕಿಲ್ಲ, ಅವರಿಗೆ ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರವೇ ಸಾಕು. ತಾರಸಿ, ಬಾಲ್ಕನಿಯವರ ಲೆಕ್ಕ ಬೇರೆ. ನಗರದಲ್ಲಿ ಒಳ್ಳೆಯ ಮಣ್ಣೂ ಪುಕ್ಕಟೆ ಸಿಗುವುದಿಲ್ಲ. ಮೇಲಾಗಿ ಒಮ್ಮೆ ತಂದ ಪುಡಿ ಎರಡು ಮೂರು ಬೆಳೆಗೆ ಬರುತ್ತದೆ. ಬೆಳೆ ಮುಗಿದ ಮೇಲೆ ಹಳೆ ಬೇರು ಆರಿಸಿ, ನೀರು ಹಾಯಿಸಿ ಉಪ್ಪು ಇಳಿಸಿ, ಬಿಸಿಲಿಗೆ ಹರಡಿ, ಹೊಸ ಎರೆಗೊಬ್ಬರ ಬೆರೆಸಿಕೊಳ್ಳಬೇಕು. ಸೊರಗು ರೋಗ ಬಂದ ಟೊಮೆಟೊ, ಬದನೆಯ ಪುಡಿಯನ್ನು ಮಾತ್ರ ತರಕಾರಿ ಕುಂಡಕ್ಕೆ ಮತ್ತೆ ಹಾಕದೆ, ತರಕಾರಿಯಿಂದ ದೂರವಿರುವ ತೆಂಗಿನ ಪಾತಿಗೆ ಸುರಿಯುವುದು ಕ್ಷೇಮ.