ಪದವಿನ ಮೇಲಿರುವವರಿಗೆ ಒಂದು ಮಾತು

ಮಕ್ಕಳೇ, ಮಳೆಗಾಲ ಹಿಡಿಯುವ ಮೊದಲೇ ಇದನ್ನು ನಿಮ್ಮ ಕಿವಿಗೆ ಹಾಕಬೇಕೆಂದಿದ್ದೆ. ಮಳೆ ಶುರುವಾದ ಮೇಲೆ ಯಾರಿಗೂ ಕೇಳಿಸಿಕೊಳ್ಳಲು ಪುರುಸೊತ್ತಿರುವುದಿಲ್ಲ.

ನಮ್ಮ ವಾಮದಪದವು ಎತ್ತರದ ಜಾಗ. ತೆಂಕಿಗೆ ನೇತ್ರಾವತಿ, ಬಡಗಿಗೆ ಫಲ್ಗುಣಿ. ಎರಡೂ ಹೊಳೆ ತುಂಬಿ ಹರಿದರೂ ನೀರು ಪದವು ಹತ್ತುವುದಿಲ್ಲ. ಬಂಟ್ವಾಳ, ಪಾಣೆಮಂಗಳೂರಿನ ಹಳಬರು 1923ರ ಮಾರಿಬೊಳ್ಳದ, ಅಂದರೆ ಮಹಾನೆರೆಯ, ಕತೆ ಹೇಳುತ್ತಿದ್ದರು. 1974ರ ನೆರೆಯನ್ನು ಕಣ್ಣಾರೆ ಕಂಡವರು ಈಗಲೂ ಇದ್ದಾರೆ. ನಮಗೆ ಇದೆಲ್ಲ ಹೆಚ್ಚಾಗಿ ಕೇಳಿ ಗೊತ್ತು. ಹಾಗೆ ಬಚಾವಾದವರಿಗೆ ಒಂದು ರೋಗ ಬೇಗ ಅಂಟುತ್ತದೆ. 'ದೇವರು ದೊಡ್ಡವನು, ನಮ್ಮನ್ನು ಕಾಪಾಡಿದ' ಎಂದು ಕೈ ಮುಗಿದು ಒಳಗೆ ಹೋಗುತ್ತೇವೆ. ಹಾಗಾದರೆ ಮನೆ ಮುಳುಗಿದವರನ್ನು ದೇವರು ಕೈಬಿಟ್ಟನೇ? ಅವರ ಪಾಪ ನಮ್ಮದಕ್ಕಿಂತ ಹೆಚ್ಚೇ? ಸಿಲೋವದ ಗೋಪುರ ಕುಸಿದು 18 ಮಂದಿ ಸತ್ತಾಗ ಯೇಸು ಎತ್ತಿದ ಪ್ರಶ್ನೆಯೂ ಇದೇ. ಸತ್ತವರು ಉಳಿದವರಿಗಿಂತ ದೊಡ್ಡ ಪಾಪಿಗಳಲ್ಲ ಎಂದ ಯೇಸು, ಕೇಳುತ್ತಿದ್ದವರಿಗೇ ಮನಸ್ಸು ತಿರುಗಿಸಿಕೊಳ್ಳಲು ಹೇಳಿದರು. ಆದ್ದರಿಂದ ನನ್ನ ಮೊದಲ ಮಾತು: ನೆರೆ ಯಾಕೆ ಬಂತೆಂದು ಸಂತ್ರಸ್ತರ ಮುಂದೆ ಕೂತು ಪ್ರವಚನ ಕೊಡಬೇಡಿ. ಹಾರೆ ಹಿಡಿದುಕೊಂಡು ಹೋಗಿ.

2019ರ ಆಗಸ್ಟ್ 9 ನಿಮಗೆ ನೆನಪಿರಬಹುದು. ಘಟ್ಟದ ಬುಡದ ಚಾರ್ಮಾಡಿ, ಮಿತ್ತಬಾಗಿಲು, ಮಲವಂತಿಗೆ ಕಡೆ ಗುಡ್ಡೆಗಳು ಜರಿದು, ಮರಗಳ ಸಮೇತ ನೀರು ಇಳಿದು ಬಂತು. ಸೇತುವೆಗಳು ಹೋದವು, ಚಾರ್ಮಾಡಿ ಘಾಟಿ ಮುಚ್ಚಿತು. ಕೆಳಗೆ ಬಂಟ್ವಾಳದಲ್ಲಿ ನೇತ್ರಾವತಿ 8.5 ಮೀಟರಿನ ಅಪಾಯದ ಮಟ್ಟವನ್ನು ಎಷ್ಟೋ ಮೇಲೆ ದಾಟಿತು. ಆ ವಾರ ಜಿಲ್ಲೆಗೆ ಜಿಲ್ಲೆಯೇ ಎದ್ದು ನಿಂತಿತ್ತು. ಗಂಜಿ ಕೇಂದ್ರಗಳಿಗೆ ಅಕ್ಕಿ, ಚಾಪೆ, ಹೊದಿಕೆ ಬಂದದ್ದೇ ಬಂದದ್ದು. ಚರ್ಚಿನವರು, ಮಸೀದಿಯವರು, ಭಜನಾ ಮಂಡಳಿಯವರು, ಯುವಕ ಮಂಡಲದವರು, ಯಾರೂ ಯಾರ ಜಾತಿಯನ್ನೂ ಕೇಳಲಿಲ್ಲ. ಅದು ನಮ್ಮ ತುಳುನಾಡಿನ ದೊಡ್ಡ ಗುಣ. ಅದನ್ನು ನಾನು ನಿಮಗೆ ಕಲಿಸಬೇಕಾಗಿಲ್ಲ.

ಕಲಿಸಬೇಕಾದದ್ದು ಆಮೇಲಿನದು. ಒಂದು ತಿಂಗಳಿಗೆ ಮೊಂತಿ ಹಬ್ಬ ಬಂತು. ಸೆಪ್ಟೆಂಬರ್ 8ಕ್ಕೆ ನಾವು ತೆನೆ ಮನೆಗೆ ತಂದು ಹೊಸ ಅಕ್ಕಿ ಊಟ ಮಾಡಿದೆವು. ಅಷ್ಟು ಹೊತ್ತಿಗೆ ಪೇಪರಿನಲ್ಲಿ ನೆರೆಯ ಸುದ್ದಿ ಒಳಪುಟಕ್ಕೆ ಹೋಗಿತ್ತು. ಆದರೆ ನೆರೆ ಬಂದ ಕಡೆ ಅಡಿಕೆ ತೋಟಗಳಲ್ಲಿ ಹೊಳೆಯ ಮರಳು ಹಾಗೆಯೇ ಬಿದ್ದಿತ್ತು. ಅಡಿಕೆ ಮರದ ಬುಡದಲ್ಲಿ ಮರಳು ನಿಂತರೆ ಬೇರಿಗೆ ಉಸಿರಿಲ್ಲ. ಅದನ್ನು ಬುಟ್ಟಿ ಬುಟ್ಟಿಯಾಗಿ ಹೊತ್ತು ಹಾಕಬೇಕು. ತೋಟಕ್ಕೆ ಕಾಲಿಡಲು ಆಗದ್ದರಿಂದ ಆಟಿ ತಿಂಗಳಲ್ಲಿ ಮದ್ದು ಬಿಡಲು ಆಗಲಿಲ್ಲ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಇಷ್ಟರ ಕೆಲಸ. ಅದು ಹೊತ್ತಿಗೆ ಆಗದಿದ್ದರೆ ಉಳಿದ ಗೊನೆಯನ್ನೂ ಕೊಳೆರೋಗ ತಿನ್ನುತ್ತದೆ. ಮರವೇ ಹೋದರೆ ಸಸಿ ನೆಟ್ಟು ಫಸಲು ಕಾಣಲು ಐದಾರು ವರ್ಷ. ನೆರೆ ಒಂದು ದಿನದ್ದು, ಅದರ ಬಾಕಿ ಐದಾರು ವರ್ಷದ್ದು.

ಒಳ್ಳೆಯ ಸಮಾರ್ಯದವನ ಕತೆ ನಿಮಗೆಲ್ಲ ಬಾಯಿಪಾಠ. ಗಾಯಕ್ಕೆ ಎಣ್ಣೆ ಸವರಿದ್ದು, ತನ್ನ ಕತ್ತೆಯ ಮೇಲೆ ಕೂರಿಸಿದ್ದು ಎಲ್ಲರಿಗೂ ನೆನಪಿರುತ್ತದೆ. ಕೊನೆಯ ಭಾಗವನ್ನು ಓದಿ. ಛತ್ರದವನ ಕೈಗೆ ಎರಡು ನಾಣ್ಯ ಕೊಟ್ಟು, ಇನ್ನೇನಾದರೂ ಖರ್ಚಾದರೆ ಹಿಂದೆ ಬರುವಾಗ ಕೊಡುತ್ತೇನೆ ಎಂದು ಮಾತು ಕೊಟ್ಟು ಹೋಗುತ್ತಾನೆ. ಅವನು ತಿರುಗಿ ಬರುವವನು. ದಾರಿಯಲ್ಲಿ ಕನಿಕರ ಯಾರಿಗೂ ಹುಟ್ಟೀತು, ಹಿಂದೆ ಬರುವ ಮಾತು ಕೊಡಲು ವಿಶ್ವಾಸ ಬೇಕು.

ತಿರುಗಿ ಹೋದಾಗ ಏನು ಮಾಡುವುದು? ನಿಮ್ಮ ಹತ್ತಿರ ಇರುವುದನ್ನೇ ಕೊಡಿ. ನೀವು ಕಾಲೇಜು ಕಲಿತವರು, ಅರ್ಜಿ ತುಂಬಲು ಬರುತ್ತದೆ, ಮೊಬೈಲ್ ಗೊತ್ತು. 2019ರಲ್ಲಿ ಸರ್ಕಾರ ತುರ್ತಿಗೆ 10,000 ರೂಪಾಯಿ ಕೊಟ್ಟಿತು, ಮನೆ ಪೂರ್ತಿ ಬಿದ್ದವರಿಗೆ 5 ಲಕ್ಷ ಘೋಷಿಸಿತು, ಅಲ್ಪಸ್ವಲ್ಪ ಹಾನಿಗೆ 50,000. ಮನೆ ಪೂರ್ತಿ ಬಿದ್ದ ಎ ವರ್ಗವೋ, ಅಲ್ಪಸ್ವಲ್ಪ ಹಾನಿಯ ಸಿ ವರ್ಗವೋ ಎಂಬುದನ್ನು ಹೇಳುವುದು ಪಂಚನಾಮೆ. ರೇಶನ್ ಕಾರ್ಡ್, ಆಧಾರ್, ಪಹಣಿ ಎಲ್ಲ ನೀರಲ್ಲಿ ಹೋದ ಒಬ್ಬಂಟಿ ಮುದುಕಿ ತಾಲೂಕು ಕಚೇರಿಯ ಮೆಟ್ಟಿಲು ಎಷ್ಟು ಸಲ ಹತ್ತಿಯಾಳು? ಅವಳ ಜೊತೆ ಹೋಗಿ ಕೌಂಟರಿನ ಎದುರು ನಿಲ್ಲುವುದು ಕೂಡ ಪ್ರಾರ್ಥನೆಯೇ. ಅಲ್ಲಿ ಫೋಟೋ ತೆಗೆಯುವವರು ಇರುವುದಿಲ್ಲ, ಒಳ್ಳೆಯದೇ ಆಯಿತು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದ ಗುರುವಿನ ಶಿಷ್ಯರು ನಾವು. ಅಕ್ಕಿಯ ಗೋಣಿ ಹಿಡಿದು ನಿಂತವರ ಮುಖವನ್ನು ವಾಟ್ಸಾಪಿಗೆ ಹಾಕಬೇಡಿ. ನಾಳೆ ಅವರ ಮಕ್ಕಳೂ ಅದನ್ನು ನೋಡುತ್ತಾರೆ.

ಇನ್ನೊಂದು ಮಾತು. ಕೊಡುವಾಗ ಮತ ಪ್ರಚಾರದ ಚೀಟಿ ಬೇಡ, ಸಂಘದ ಬ್ಯಾನರೂ ಬೇಡ. ಹಸಿದವನ ಕೈಗೆ ಊಟದ ಜೊತೆ ಕರಾರು ಇಡುವುದು ಕರುಣೆಯಲ್ಲ, ವ್ಯಾಪಾರ. ಹಾಗೆಂದು ನಿಮ್ಮ ವಿಶ್ವಾಸವನ್ನು ಮುಚ್ಚಿಡಬೇಕೆಂದೂ ಅಲ್ಲ. ಪ್ರೇಷಿತರ ಕಾರ್ಯಕಲಾಪಗಳ 11ನೇ ಅಧ್ಯಾಯ ತೆಗೆದು ನೋಡಿ. ಶಿಷ್ಯರನ್ನು ಮೊದಲ ಬಾರಿಗೆ ಕ್ರೈಸ್ತರೆಂದು ಜನ ಕರೆದದ್ದು ಅಂತಿಯೋಕ್ಯದಲ್ಲಿ. ಅದೇ ಅಧ್ಯಾಯದಲ್ಲಿ, ಬರಗಾಲ ಬರುತ್ತದೆಂದು ತಿಳಿದ ಕೂಡಲೇ ಅದೇ ಊರಿನವರು ತಮ್ಮ ತಮ್ಮ ಶಕ್ತ್ಯನುಸಾರ ಹಣ ಕೂಡಿಸಿ ಜುದೇಯಕ್ಕೆ ಕಳಿಸಿದರು. ಬರ ಬಡಿದ ಮೇಲೆ ಓಡಿದವರಲ್ಲ, ಮೊದಲೇ ತಯಾರಾದವರು.

ನಮಗೂ ಆ ಏರ್ಪಾಡು ಹೊಸದಲ್ಲ. ಚರ್ಚಿನ ವಾರ್ಡಿಗೊಬ್ಬ ಗುರಿಕಾರರಿದ್ದಾರೆ, ವಿನ್ಸೆಂಟ್ ದ ಪಾವ್ಲ್ ಸಭೆಯವರು ಬಡವರ ಮನೆಗೆ ಹೋಗಿ ಬರುತ್ತಾರೆ, ಐಸಿವೈಎಂ ಎಂದು ನಿಮ್ಮದೇ ಯುವ ಸಂಘಟನೆ ಇದೆ. ಹಾಗಾಗಿ ನನ್ನ ಕೋರಿಕೆ ಇಷ್ಟೇ. ಪ್ರತಿ ಮೇ ತಿಂಗಳಲ್ಲಿ ಒಂದು ಭಾನುವಾರ ಪೂಜೆ ಮುಗಿದ ಮೇಲೆ ಕ್ರಿಕೆಟ್ ಬಿಟ್ಟು ವಾರ್ಡಿನ ಮನೆ ಮನೆಗೆ ಹೋಗಿ. ಕ್ರೈಸ್ತರ ಮನೆಗೆ ಮಾತ್ರ ಅಲ್ಲ, ಎಲ್ಲರ ಮನೆಗೂ. ಗುಡ್ಡೆ ಕಡಿದು ಅದರ ಬುಡದಲ್ಲಿ ಕಟ್ಟಿದ ಮನೆ ಯಾವುದು, ಎತ್ತಿಕೊಂಡೇ ಹೊರಗೆ ತರಬೇಕಾದ ಹಿರಿಯರು ಎಲ್ಲಿದ್ದಾರೆ, ಹೊಳೆಬದಿಯಲ್ಲಿ ಯಾರ ತೋಟವಿದೆ, ರಾತ್ರಿ ಫೋನ್ ಮಾಡಿದರೆ ಯಾರ ಜೀಪು ಬರುತ್ತದೆ ಎಂದು ಬರೆದುಕೊಳ್ಳಿ. ಒಂದು ಪ್ರತಿ ಗುರಿಕಾರರಿಗೆ, ಒಂದು ಪಂಚಾಯತ್‌ಗೆ ಕೊಡಿ. ಈ ವರ್ಷ ನೆರೆ ಬಾರದಿದ್ದರೆ ಆ ಪಟ್ಟಿ ವ್ಯರ್ಥವಾಯಿತು ಎಂದುಕೊಳ್ಳಬೇಡಿ. ಅದರಲ್ಲಿರುವ ಒಬ್ಬೊಬ್ಬರ ಮನೆಗೂ ಮೊಂತಿ ಹಬ್ಬದ ದಿನ ಒಂದು ಸಲ ಹೋಗಿ ಬನ್ನಿ.