ಮಗಳ ಕಪಾಟಿನ ಪುಸ್ತಕ

ಪ್ರಶ್ನೆ: ನನ್ನ ಒಬ್ಬಳೇ ಮಗಳು ಹೋದ ಸೆಪ್ಟೆಂಬರಿನಲ್ಲಿ ಓದಲು ಲಂಡನ್ನಿಗೆ ಹೋದಳು. ಮೊದಲು ದಿನಾ ವಿಡಿಯೊ ಕಾಲ್ ಮಾಡುತ್ತಿದ್ದಳು, ಈಗ ಭಾನುವಾರ ಮಾತ್ರ. ‘ರೂಮು ತೋರಿಸೇ’ ಅಂದರೆ ‘ಅಮ್ಮ, ನಂಗೂ ಸ್ವಲ್ಪ ಪ್ರೈವೆಸಿ ಬೇಕು’ ಅಂದುಬಿಟ್ಟಳು. ಅವಳ ಕಪಾಟು ಒರೆಸುವಾಗ ಒಂದು ಇಂಗ್ಲಿಷ್ ಕಾದಂಬರಿ ಸಿಕ್ಕಿತು. ಚೀನಾದ ಹುಡುಗಿಯೊಬ್ಬಳು ಲಂಡನ್ನಿಗೆ ಇಂಗ್ಲಿಷ್ ಕಲಿಯಲು ಹೋಗಿ, ತನಗಿಂತ ಇಪ್ಪತ್ತು ವರ್ಷ ದೊಡ್ಡವನ ಮನೆ ಸೇರಿಕೊಳ್ಳುತ್ತಾಳೆ. ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಓದುತ್ತಿದ್ದೆ, ಅಷ್ಟಕ್ಕೇ ನಿಲ್ಲಿಸಿದೆ. ಇವಳೂ ಹಾಗೇ ಆದರೆ?
– ಹೆಸರು ಬೇಡ, ತೀರ್ಥಹಳ್ಳಿ

ಉತ್ತರ: ಅದು ಶಿಯಾವ್‌ಲು ಗುವೋ ಅವರ ‘ಎ ಕನ್ಸೈಸ್ ಚೈನೀಸ್–ಇಂಗ್ಲಿಷ್ ಡಿಕ್ಷನರಿ ಫಾರ್ ಲವರ್ಸ್’ ಇರಬೇಕು, 2007ರದು. ಮೊದಲ ಪುಟಗಳು ಕಷ್ಟವಾದದ್ದು ನಿಮ್ಮ ಇಂಗ್ಲಿಷಿನ ದೋಷವಲ್ಲ. ಆ ಹುಡುಗಿಯ ಇಂಗ್ಲಿಷೇ ಅಲ್ಲಿ ತಪ್ಪುತಪ್ಪು. ಪುಟ ತಿರುವಿದ ಹಾಗೆ ಅವಳ ವಾಕ್ಯ ನೆಟ್ಟಗಾಗುತ್ತಾ ಹೋಗುತ್ತದೆ. ಅವಳೂ ನಿಮ್ಮ ಹಾಗೆಯೇ ಡಿಕ್ಷನರಿ ಕೈಲಿ ಹಿಡಿದವಳು.

ಅವಳು ಆ ಮನೆ ಸೇರಿದ್ದು ಹೇಗೆ, ಮತ್ತೊಮ್ಮೆ ಓದಿ. ನಿಮ್ಮ ಮನೆ ನೋಡಬೇಕು ಅಂದಳು, ಅವನು ‘ಬಿ ಮೈ ಗೆಸ್ಟ್’ ಅಂದ. ಅದಕ್ಕೇನಂತೆ, ಬನ್ನಿ ಅನ್ನುವ ಉಪಚಾರದ ಮಾತು. ಇವಳು ಪೆಟ್ಟಿಗೆ ಸಮೇತ ಹೋಗಿ ಇಳಿದಳು. ಬಾಗಿಲಲ್ಲಿ ನಿಂತು ‘ಊಟ ಮಾಡ್ಕೊಂಡು ಹೋಗಿ’ ಅಂದರೆ ನಿಜಕ್ಕೂ ಎಲೆ ಮುಂದೆ ಕೂತುಬಿಡುವವರನ್ನು ನೀವೂ ಕಂಡಿರುತ್ತೀರಿ.

ಪ್ರೈವೆಸಿ ಅನ್ನುವ ಮಾತು ಆ ಪುಸ್ತಕದಲ್ಲೂ ಇದೆ. ಅವನಿಲ್ಲದಾಗ ಅವಳು ಅವನ ಹಳೆಯ ಪತ್ರ, ಡೈರಿಗಳನ್ನೆಲ್ಲ ಓದುತ್ತಾಳೆ, ಅವನು ಸಿಡಿಯುತ್ತಾನೆ. ಒಂದೇ ಮನೆಯಲ್ಲಿದ್ದು ಬಚ್ಚಿಡುವುದೇನು ಅಂತ ಅವಳಿಗೆ ದಿಗಿಲು. ಚೀನೀ ಭಾಷೆಯಲ್ಲಿ ಪ್ರೈವೆಸಿಗೆ ‘ಯಿನ್ಸಿ’ ಅನ್ನುತ್ತಾರೆ. ಹೆಚ್ಚುಕಮ್ಮಿ ಅದೇ ಉಚ್ಚಾರದ ಹಳೆಯ ಇನ್ನೊಂದು ಪದಕ್ಕೆ ನಾಚಿಕೆಯಿಂದ ಮುಚ್ಚಿಟ್ಟ ಸಂಗತಿ ಅಂತ ಅರ್ಥ. ನಮ್ಮ ಕಥೆಯೇನು? ‘ಖಾಸಗಿ’ ಅಂದರೆ ನಮಗೆ ಮೊದಲು ನೆನಪಾಗುವುದು ಬಸ್ಸು. ‘ಏಕಾಂತ’ವನ್ನು ದೇವರಿಗೂ ಹೊಸ ಮದುಮಕ್ಕಳಿಗೂ ಬಿಟ್ಟುಕೊಟ್ಟಿದ್ದೇವೆ. ಇಪ್ಪತ್ಮೂರರ ಹುಡುಗಿ ಬಾಗಿಲು ಹಾಕಿಕೊಂಡರೆ ಅದಕ್ಕೊಂದು ಒಳ್ಳೆ ಹೆಸರು ನಮ್ಮ ಮನೆಗಳಲ್ಲಿಲ್ಲ, ಹಾಗಾಗಿ ಮಗಳು ಇಂಗ್ಲಿಷಿನಲ್ಲಿ ಕೇಳಿದ್ದಾಳೆ. (ಕಪಾಟು ಒರೆಸಿದ್ದಕ್ಕೆ ನಾನೇನೂ ಅನ್ನುವುದಿಲ್ಲ.)

ನಿಮ್ಮ ಜಾಗದಲ್ಲಿದ್ದರೆ ನಾನು ರೂಮಿನ ಬದಲು ದುಡ್ಡಿನ ವಿಷಯ ಕೇಳುತ್ತಿದ್ದೆ. 1923ರ ಡಿಸೆಂಬರಿನಲ್ಲಿ ಬೀಜಿಂಗ್‌ನ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಲು ಶುನ್ ಅನ್ನುವ ದೊಡ್ಡ ಲೇಖಕ ಒಂದು ಭಾಷಣ ಮಾಡಿದರು. ಇಬ್ಸನ್ನನ ನಾಟಕದ ನೋರಾ ಗಂಡನ ಮನೆ ಬಿಟ್ಟು ಹೊರಟಳಲ್ಲ, ಆಮೇಲೆ ಏನಾದಳು ಅಂತ. ಕೈಯಲ್ಲಿ ಕಾಸಿಲ್ಲದಿದ್ದರೆ ಒಂದೋ ಕೆಡುತ್ತಾಳೆ, ಇಲ್ಲವೇ ವಾಪಸ್ ಬರುತ್ತಾಳೆ ಅನ್ನುವುದು ಅವರ ಲೆಕ್ಕ. ಎರಡು ವರ್ಷ ಕಳೆದು ಅದನ್ನೇ ಕಥೆಯಾಗಿ ಬರೆದರು. ಜಿಜುನ್ ಎಂಬ ಹುಡುಗಿ ಮನೆಯವರನ್ನು ಎದುರು ಹಾಕಿಕೊಂಡು ಪ್ರೀತಿಸಿದವನ ಜೊತೆ ಸಂಸಾರ ಹೂಡುತ್ತಾಳೆ. ಅವನ ಕೆಲಸ ಹೋಗುತ್ತದೆ. ಸಾಕಿದ ಕೋಳಿಗಳು ಒಂದೊಂದಾಗಿ ಅಡುಗೆಯಾಗುತ್ತವೆ, ನಾಯಿಯನ್ನು ಅವನು ಊರಾಚೆ ಬಿಟ್ಟು ಬರುತ್ತಾನೆ, ಕಡೆಗೆ ಪ್ರೀತಿಯೂ ಉಳಿಯುವುದಿಲ್ಲ. ಅಪ್ಪ ಬಂದು ಅವಳನ್ನು ಕರೆದೊಯ್ಯುತ್ತಾನೆ. ಅವಳು ಹೆಚ್ಚು ದಿನ ಬದುಕುವುದಿಲ್ಲ.

ಹಾಗಾಗಿ ಮಗಳನ್ನು ಇದು ಕೇಳಿ: ಬಾಡಿಗೆ ಯಾರ ಹೆಸರಲ್ಲಿದೆ? ಬ್ಯಾಂಕ್ ಖಾತೆ ಅವಳೊಬ್ಬಳದೇ ತಾನೆ? ನಾಳೆಯೇ ಊರಿಗೆ ಹೊರಡಬೇಕೆಂದರೆ ಟಿಕೆಟ್ಟಿಗೆ ಯಾರ ಮುಂದೂ ಕೈಯೊಡ್ಡದೆ ಹಣವಿದೆಯೆ? ಇಲ್ಲವಾದರೆ ಅಷ್ಟನ್ನು ನೀವು ಈಗಲೇ ಕಳಿಸಿ, ಲೆಕ್ಕ ಕೇಳಬೇಡಿ. ಅಲ್ಲಿ ಡಿಗ್ರಿ ಓದುವವರಿಗೆ ಸಾಮಾನ್ಯವಾಗಿ ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ದುಡಿಯಲು ಬಿಡುತ್ತಾರೆ. ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತೇನೆ ಅಂದರೆ ದಯವಿಟ್ಟು ಅಳಬೇಡಿ. ಯಾರನ್ನಾದರೂ ಇಷ್ಟಪಟ್ಟಿದ್ದಾಳಾ ಅಂತ ಮಾತ್ರ ಕೆದಕಬೇಡಿ, ಹೇಳಬೇಕು ಅನ್ನಿಸಿದಾಗ ಹೇಳುತ್ತಾಳೆ.

ಕಾದಂಬರಿಯ ಉಳಿದ ಭಾಗವನ್ನೂ ಓದಿಬಿಡಿ. ಆ ಹುಡುಗಿ ಬೆನ್ನಿಗೊಂದು ಚೀಲ ಹಾಕಿಕೊಂಡು ಒಬ್ಬಳೇ ಯುರೋಪು ಸುತ್ತುವ ಭಾಗ ಇನ್ನೂ ಮುಂದಿದೆ. ಪುಸ್ತಕ ಓದುತ್ತಿರುವುದನ್ನು ಮಗಳಿಂದ ಮುಚ್ಚಿಡಬೇಡಿ. ಅರ್ಥವಾಗದ ಪದಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ, ಭಾನುವಾರ ಫೋನ್ ಬಂದಾಗ ಅವಳನ್ನೇ ಕೇಳಿ.